ಮುಂಬಾಗಿಲಿನಿಂದ ಬಂದ ಸೂರ್ಯ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಕೆನ್ನೆಗೊಂದು ಮುತ್ತು. ನಾನು ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಎಂದು ನಂಬಿಕೊಂಡೇ ಈ ಕಾಗದ ಶುರು ಮಾಡಿದ್ದೇನೆ. ಹಾಗಿಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ನನಗೊಂದು ಸಾಲು ಬರೆದು ಹಾಕು.

ಉತ್ತರ ತಡವಾಯಿತು, ಬೈಯಬೇಡ. ನಿನ್ನ ಕಾಗದವನ್ನು ಇಸ್ತ್ರಿ ಪೆಟ್ಟಿಗೆಯ ಪಕ್ಕದ ಮೊಳೆಗೆ ಸಿಕ್ಕಿಸಿಕೊಂಡು ದಿನಾ ನೋಡುತ್ತಿದ್ದೆ. ಕೈಗೆ ಗೋಂದು ಅಂಟಿರುತ್ತಿತ್ತು, ಇಲ್ಲವೇ ಬಾಯಲ್ಲಿ ಗುಂಡುಪಿನ್ನು ಇರುತ್ತಿತ್ತು. ಪಿನ್ನಿದ್ದರೆ ಬರೆಯಲು ಏನಡ್ಡಿ ಎಂದು ಕೇಳುತ್ತೀಯ. ನಾನು ಒಂದೊಂದು ಮಾತನ್ನೂ ಬಾಯಲ್ಲಿ ಹೇಳಿಕೊಂಡೇ ಬರೆಯುವವಳು, ನಿನಗೆ ಗೊತ್ತಿಲ್ಲವೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಸೊಟ್ಟಗಿದ್ದರೂ ಹೊಂದಿಸಿಕೊಂಡು ಓದು. ಹೊಲಿಗೆಯಾಗಿದ್ದರೆ ಬಿಚ್ಚಿ ಸರಿ ಮಾಡುತ್ತಿದ್ದೆ.

ಮರಿಯ ಕೆಮ್ಮು ಹೇಗಿದೆ? ಮಲಗುವಾಗ ಕಿಟಕಿ ಹಾಕುತ್ತೀಯ ತಾನೇ? ಪೂರ್ತಿ ಹಾಕಬೇಡ, ಗಾಳಿಯೂ ಬೇಕು. ನಿಮ್ಮ ಮೆಟ್ಟಿಲಿನ ಕಟಕಟೆ ಅಲ್ಲಾಡುತ್ತದೆ ಎಂದು ನೀನು ಬರೆದಿದ್ದೆ. ಅದನ್ನು ಓದಿದಾಗಿನಿಂದ ನನಗೆ ಕನಸಿನಲ್ಲಿಯೂ ಅದೇ ಕಟಕಟೆ. ಅಳಿಯಂದಿರಿಗೆ ಹೇಳಿ ಅದಕ್ಕೊಂದು ಮೊಳೆ ಹೊಡೆಸು.

ನಿನ್ನ ಅತ್ತೆ ಕಳಿಸಿದ ಬಟ್ಟೆಯಲ್ಲಿ ಮರಿಯ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ, ಮುಗಿದ ಮೇಲೆ ಈ ಕಾಗದವನ್ನು ಅದರ ಜೊತೆಗೇ ಕಟ್ಟಿ ಕಳಿಸುತ್ತೇನೆ. ಲಂಗದ ನೆರಿಗೆ ಇನ್ನೂ ಕೂತಿಲ್ಲ. ಮೊದಲನೇ ಸಲ ಶಾಲೆಗೆ ಹೋಗುವ ಮೊಮ್ಮಗಳು, ನೆರಿಗೆ ಬಾಯಿ ಬಿಟ್ಟುಕೊಂಡರೆ ಟೀಚರು ಏನಂದುಕೊಳ್ಳುತ್ತಾರೋ.

ಈಗ ಸುದ್ದಿ. ಕುಳಿತುಕೊಂಡು ಓದು.

ಇನ್ನು ಎರಡು ದಿನಕ್ಕೆ ಕ್ಲಬ್ಬಿನಲ್ಲಿ ಹೊಸ ಕುಣಿತದ ಶೋ. ಅದರ ಉಡುಪಿನ ಕಲ್ಪನೆ ಪೂರ್ತಿ ನನ್ನದು. ಇಷ್ಟು ವರ್ಷ ಕ್ಲಬ್ಬಿನ ಯಜಮಾನರು ಹೇಳಿದ್ದನ್ನು ಹೊಲಿದೆ. ನವಿಲು ಅಂದರೆ ನವಿಲು, ನಕ್ಷತ್ರ ಅಂದರೆ ನಕ್ಷತ್ರ, ಇಸ್ಪೀಟಿನ ರಾಣಿ ಅಂದರೆ ಅದೂ ಆಯಿತು. ಜನ ಬರುವುದು ಕಡಿಮೆಯಾಗುತ್ತಿದೆ ಎಂದು ಅವರು ಒಂದು ದಿನ ನಮ್ಮ ಶೆಡ್ಡಿಗೆ ಬಂದು ಗರಿ ತುಂಬಿದ ಚೀಲದ ಮೇಲೆ ಕುಸಿದು ಕೂತರು. ‘ನವಿಲು ನೋಡಿ ನೋಡಿ ಜನಕ್ಕೆ ಸಾಕಾಗಿದೆ ಕಣಮ್ಮ. ಉಡುಪು ಬಾಡಿಗೆಗೆ ಕೊಡೋ ಅಂಗಡಿಯವನು ದಿನಾ ಬಾಗಿಲು ತಟ್ತಿದಾನೆ. ಅವನ ಹತ್ರ ಎಲ್ಲ ರೆಡಿಮೇಡು. ಈ ಸಲದ್ದು ಓಡದೇ ಇದ್ರೆ ಹೊಲಿಗೆ ನಿಲ್ಲಿಸಿಬಿಡೋಣ, ಈ ಶೆಡ್ಡಿಗೆ ಬಾಟಲಿ ಪೆಟ್ಟಿಗೆ ತುಂಬಿಸ್ತೀನಿ’ ಎಂದರು.

ಶೆಡ್ಡಿಗೆ ಬಾಟಲಿ. ನೀನು ಕತ್ತರಿಸುವ ಮೇಜಿನ ಕೆಳಗೆ ಗರಿಯ ರಾಶಿಯಲ್ಲಿ ಮಲಗಿ, ಸೀನುತ್ತಾ ಬೆಳೆದ ಜಾಗ ಅದು. ಹೆದರಿಕೆಗೆ ನಾನು ಬಾಯಿ ಮುಚ್ಚಿಕೊಳ್ಳುವುದು ವಾಡಿಕೆ, ಅವತ್ತು ಯಾಕೋ ತೆರೆದುಬಿಟ್ಟೆ. ‘ಒಂದು ದಿನ ಪೂರ್ತಿ ಮಾಡೋಣ’ ಎಂದೆ.

‘ಒಂದು ದಿನ ಅಂದ್ರೆ?’

‘ಆಕಾಶದ ಒಂದು ದಿನ. ಮೊದಲು ಮೋಡದ ನಡುವೆ ಸೂರ್ಯ, ಆಮೇಲೆ ಗಾಳಿ, ಮಳೆ, ಕಾಮನಬಿಲ್ಲು. ಕೊನೆಗೆ ಚಂದ್ರ ಬಂದು ಎಲ್ಲರನ್ನೂ ಮಲಗಿಸಿ ಹೋಗೋದು.’

ಅವರು, ‘ಗಾಳಿಗೆ ಏನು ಬಟ್ಟೆ ಹೊಲೀತೀರಿ?’ ಎಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಇದೆ ಎಂದು ಹೇಳಿಬಿಟ್ಟೆ.

ಉತ್ತರ ಸಿಕ್ಕಿದ್ದು ಒಗೆದ ಬಟ್ಟೆ ಒಣಹಾಕುವಾಗ. ಹಗ್ಗದ ಮೇಲೆ ಒಂದು ತೆಳು ಪರದೆ ಹಾರಾಡುತ್ತಿತ್ತು. ಗಾಳಿಯನ್ನು ಯಾರೂ ಕಂಡಿಲ್ಲ, ಅದು ಎಳೆದಾಡುವ ಬಟ್ಟೆಯನ್ನು ಮಾತ್ರ ಕಂಡಿದ್ದೇವೆ. ಅಲ್ಲಿಗೆ ಗಾಳಿಯ ಹುಡುಗಿಗೆ ಬರೀ ರಿಬ್ಬನ್ನು, ಹೆಗಲಿನಿಂದ ಹಿಮ್ಮಡಿವರೆಗೆ. ಅವಳು ನಿಂತರೆ ಏನೂ ಇಲ್ಲ, ತಿರುಗಿದರೆ ಬಿರುಗಾಳಿ.

ಮೋಡ ಮಾತ್ರ ನನ್ನನ್ನು ಅಳಿಸಿತು. ದಿಂಬಿನ ಹತ್ತಿ ತುಂಬಿ ಹೊಲಿದಿದ್ದೆ. ಹುಡುಗಿಯರು ತೊಟ್ಟು ಸಾಲಾಗಿ ನಿಂತರು. ಜಿರಾಫೆ ನೋಡಿ, ‘ಅಕ್ಕಾ, ಇದು ಆಕಾಶ ಅಲ್ಲ, ಹಾಸಿಗೆ ಅಂಗಡಿ’ ಎಂದಳು. ಜಿರಾಫೆ ಎಂದರೆ ನಮ್ಮ ಮುಖ್ಯ ಕುಣಿತದವಳು, ನೀನು ಮದುವೆಯಾಗಿ ಹೋದ ಮೇಲೆ ಸೇರಿದವಳು, ಬಾಗಿಲಿಗೆಲ್ಲ ತಲೆ ತಗ್ಗಿಸಿ ಬರುವಷ್ಟು ಉದ್ದ. ಹತ್ತಿಯನ್ನೆಲ್ಲ ಕಿತ್ತು ಹಾಕಿ, ಸೊಳ್ಳೆ ಪರದೆಯಂಥ ನೆಟ್ಟಿನ ಬಟ್ಟೆಯನ್ನು ಪದರದ ಮೇಲೆ ಪದರ ಸುಕ್ಕು ಹಿಡಿದೆ. ಈಗ ಊದಿದರೆ ಹಾರುವಂತಿವೆ.

ಜನ ಈ ಉಡುಪನ್ನು ನೋಡಿ ಇದರಲ್ಲಿ ಬಟ್ಟೆಯೇ ಇಲ್ಲವಲ್ಲ ಎನ್ನುತ್ತಾರೆ. ಬಟ್ಟೆ ಕಡಿಮೆಯಾದಷ್ಟೂ ಹೊಲಿಗೆ ಹೆಚ್ಚು, ಅದು ಅವರಿಗೇನು ಗೊತ್ತು. ದೊಡ್ಡ ಗೌನಿನಲ್ಲಿ ಒಂದು ಹೊಲಿಗೆ ಬಿಟ್ಟರೆ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಒಂದು ಹುಕ್ಕು ಕೈಕೊಟ್ಟರೆ ಹುಡುಗಿಯ ಮಾನ, ನನ್ನ ಮಾನ ಎರಡೂ ಹೋಗುತ್ತವೆ. ಅದಕ್ಕೇ ನಾನು ಎಲ್ಲದಕ್ಕೂ ಹುಕ್ಕಿನ ಪಕ್ಕ ಗುಂಡಿ, ಗುಂಡಿಯ ಕೆಳಗೆ ದಾರ ಹಾಕುತ್ತೇನೆ. ‘ಅಕ್ಕನ ಬಟ್ಟೆ ಹಾಕ್ಕೊಳ್ಳೋಕೆ ಅರ್ಧ ಗಂಟೆ, ಬಿಚ್ಚೋಕೆ ಲಾಯರು ಬೇಕು’ ಎಂದು ಹುಡುಗಿಯರು ನಗುತ್ತಾರೆ. ನಗಲಿ.

ಮಳೆಯ ಉಡುಪಿಗೆ ಗಾಜಿನ ಮಣಿಯ ಸರಗಳು. ಹಳೆಯ ಡಬ್ಬಿಯಲ್ಲಿ ನೀನು ಚಿಕ್ಕವಳಿದ್ದಾಗ ಪೋಣಿಸಿದ್ದ ಸರಗಳೂ ಸಿಕ್ಕವು. ಬಿಳಿ ಮಣಿಗಳ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಸೇರಿಸಿಬಿಟ್ಟಿದ್ದೀಯ. ತೆಗೆಯಲಿಲ್ಲ, ಹಾಗೇ ಹಾಕಿದ್ದೇನೆ. ಆ ಹುಡುಗಿಯರು ನಡೆದರೆ ಝಿಲ್ಲೆಂದು ಮಳೆಯದೇ ಸದ್ದು. ಬ್ಯಾಂಡಿನವರು ಡ್ರಮ್ಮು ನಿಲ್ಲಿಸಿ ಕಿವಿ ಕೊಟ್ಟರು.

ಇವತ್ತು ಸಂಜೆ ಪೂರ್ತಿ ಉಡುಪಿನ ರಿಹರ್ಸಲ್ಲು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ನೋಡಿ ಬರುತ್ತೇನೆ.

ಆರಿಸಿದ್ದೆ. ಆದರೂ ಕಾಗದವನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಇನ್ನೊಂದು ಸಲ ಹುಕ್ಕುಗಳನ್ನೆಲ್ಲ ಎಳೆದು ನೋಡಬೇಕು.

ಶನಿವಾರ, ಬೆಳಿಗ್ಗೆ

ಪುಟ್ಟೀ, ಮುಗಿಯಿತು. ಹೇಗೆ ಮುಗಿಯಿತು ಎಂದು ಹೇಳಿದರೆ ನೀನು ನಂಬುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ಸೂರ್ಯ ಜಿರಾಫೆಯೇ. ಅವಳ ಬೆನ್ನಿಗೆ ತೆಳು ಪೈಪಿನ ಒಂದು ಚೌಕಟ್ಟು, ಅದರಿಂದ ಸುತ್ತಲೂ ಕಿರಣಗಳು, ಒಂದೊಂದೂ ನನಗಿಂತ ಉದ್ದ, ಚಿನ್ನದ ಬಣ್ಣದ ಬಟ್ಟೆ, ತುದಿಗೆಲ್ಲ ಚಮಕಿ. ಕಿರಣಗಳು ಕೊಡೆಯ ಕಡ್ಡಿಯ ಹಾಗೆ ಮಡಚಿಕೊಳ್ಳುತ್ತವೆ. ಮಡಚಲೇಬೇಕು, ಯಾಕೆಂದರೆ ಹಿಂದಿನ ಅಂಗಳದಿಂದ ವೇದಿಕೆಗೆ ಹೋಗುವ ಸಂದಿ ನಿನಗೆ ಗೊತ್ತಲ್ಲ, ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು, ನಡುವೆ ಒಂದು ತಿರುವು ಬೇರೆ. ಮಡಚಿಕೊಂಡು ಹೋಗಿ, ವೇದಿಕೆಯ ಅಂಚಿನಲ್ಲಿ ಒಂದು ದಾರ ಎಳೆದರೆ ಎಲ್ಲ ಕಿರಣವೂ ಪಟಪಟನೆ ಬಿಚ್ಚಿಕೊಳ್ಳುವ ಹಾಗೆ ಮಾಡಿದ್ದೆ.

ರಿಹರ್ಸಲ್ಲಿನಲ್ಲಿ ಎಲ್ಲ ಬಿಚ್ಚಿಕೊಂಡವು. ಜಿರಾಫೆ ಗಂಭೀರವಾಗಿ ಕೈ ಎತ್ತಿದಳು. ಎತ್ತಿದ್ದೇ ಎಡಗಡೆಯ ಒಂದು ಕಿರಣ ಮೆಲ್ಲಗೆ ಬಾಗಿ ಅವಳ ಮೂಗಿನ ಮುಂದೆ ಜೋತುಬಿತ್ತು. ಮೋಡಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವು. ಬ್ಯಾಂಡಿನವರೊಬ್ಬರು, ‘ಸೂರ್ಯ ಕಿವಿ ಮಡಚ್ಕೊಂಡ, ಮನೇಲಿ ಬೈದಿರಬೇಕು’ ಎಂದರು. ಯಜಮಾನರು ನಗಲಿಲ್ಲ.

ನನಗೆ ಅಷ್ಟು ಸಾಕಾಯಿತು. ಶೋ ದಿನ ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಕೂತೆ. ಒಂದು ಕಿರಣದ ಮಡಿಕೆಗೆ ತಂತಿ ಸುತ್ತಿ ಬಿಗಿ ಮಾಡಿದೆ. ಅದು ಬಿಗಿಯಾಯಿತು, ಪಕ್ಕದ್ದು ಬಿದ್ದರೆ? ಅದಕ್ಕೂ ಸುತ್ತಿದೆ. ಹೀಗೆ ಎಲ್ಲಕ್ಕೂ ಸುತ್ತಿದೆ. ತಂತಿ ಕಂಡರೆ ಅಸಹ್ಯ ಎಂದು ಮೇಲೆ ಬಟ್ಟೆ ಹೊಲಿದೆ. ಹೊಲಿಗೆ ಕಂಡರೆ ಎಂದು ಅದರ ಮೇಲೆ ಚಮಕಿ ಹೊಲಿದೆ. ಕೊನೆಗೆ, ಚೌಕಟ್ಟಿನ ಪಟ್ಟಿ ಜಾರಿದರೆ ಎಂದು ಅದನ್ನೂ ಅವಳ ಮೇಲಂಗಿಗೆ ಸೇರಿಸಿ ಹೊಲಿದುಬಿಟ್ಟೆ. ಇನ್ನು ಭೂಮಿಯೇ ಬಿರಿದರೂ ಒಂದು ಕಿರಣ ಅಲ್ಲಾಡದು ಎಂದು ನೆಮ್ಮದಿಯಾಗಿ ನೀರು ಕುಡಿದೆ. ಮಡಚುವುದು ಯಾಕೆ ಎಂಬುದನ್ನೇ ಮರೆತಿದ್ದೆ ಕಣೇ. ಬೀಳುತ್ತದೆ ಎಂಬ ಹೆದರಿಕೆಯ ಮುಂದೆ ಬೇರೇನೂ ನೆನಪಿಗೆ ಬರಲಿಲ್ಲ.

ಸಂಜೆ ನಮ್ಮ ಶೆಡ್ಡಿನಲ್ಲೇ ಅವಳಿಗೆ ಸೂರ್ಯನನ್ನು ತೊಡಿಸಿದೆ. ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗ, ಬಾಗಿಲು ಅಗಲ, ಅಲ್ಲಿಂದ ಸಲೀಸಾಗಿ ಹೊರಬಂದಳು. ಒಳಗೆ ಬ್ಯಾಂಡು ಶುರುವಾಯಿತು, ಮೋಡಗಳು ವೇದಿಕೆಗೆ ಹೋದವು. ಅಂಗಳ ದಾಟಿ ಸಂದಿಯ ಮುಂದೆ ನಿಂತು ಜಿರಾಫೆ, ‘ಅಕ್ಕಾ, ಮಡಚಿ’ ಎಂದಳು.

ನಾನು ಅಲ್ಲೇ ಕಲ್ಲಾದೆ.

ಅಡ್ಡ ತಿರುಗಿಸಿದೆವು, ಹೋಗಲಿಲ್ಲ. ಓರೆ ಮಾಡಿದೆವು, ತಿರುವಿನಲ್ಲಿ ಸಿಕ್ಕಿಕೊಂಡಿತು. ಚೌಕಟ್ಟು ಬಿಚ್ಚೋಣವೆಂದರೆ ಮೇಲಂಗಿಗೆ ಹೊಲಿದಿದ್ದೇನೆ. ತಂತಿ ಕತ್ತರಿಸೋಣವೆಂದರೆ ಅದು ಬಟ್ಟೆಯ ಕೆಳಗೆ, ಚಮಕಿಯ ಕೆಳಗೆ. ನನ್ನ ಹೊಲಿಗೆ ಎಷ್ಟು ಗಟ್ಟಿ ಎಂದು ನನಗೆ ಅವತ್ತು ತಿಳಿಯಿತು. ಒಳಗೆ ಬ್ಯಾಂಡಿನವರು ಸೂರ್ಯೋದಯದ ರಾಗವನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಯಜಮಾನರು ಸಂದಿಯ ಆ ಕಡೆಯಿಂದ ತಲೆ ಹಾಕಿದರು.

‘ಸೂರ್ಯ ಎಲ್ಲಿ?’

‘ಇಲ್ಲೇ ಇದೀನಿ ಸಾರ್, ದಾರಿ ಇಲ್ಲ’ ಎಂದಳು ಜಿರಾಫೆ.

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಣ್ಣ ಮುಂದೆ ಬರೀ ಬಾಟಲಿ ಪೆಟ್ಟಿಗೆಗಳು. ಅಳು ಬಂದುಬಿಟ್ಟಿತು. ಜಿರಾಫೆ ನನ್ನ ಗಲ್ಲ ಹಿಡಿದೆತ್ತಿ, ‘ಅಳೋದು ಆಮೇಲೆ ಅಕ್ಕಾ, ಈಗ ಟೈಮಿಲ್ಲ. ಗಿರಾಕಿಗಳು ಬರೋ ಮುಂಬಾಗಿಲು ಎಷ್ಟು ಅಗಲ ಇದೆ?’ ಎಂದಳು.

‘ಎರಡೂ ಕದ ತೆಗೆದ್ರೆ ಪಿಯಾನೋ ಹೋಗುತ್ತೆ.’

‘ಹಾಗಾದ್ರೆ ನಡೀರಿ.’

ಹಿಂದಿನ ಓಣಿಯಿಂದ ಹೊರಟು ದೊಡ್ಡ ಬೀದಿಗೆ ಬಂದು, ಕಟ್ಟಡವನ್ನು ಸುತ್ತಿ ಮುಂಬಾಗಿಲಿಗೆ ಹೋಗಬೇಕು. ಆಗತಾನೇ ನಿಜವಾದ ಸೂರ್ಯ ಮುಳುಗಿ, ಬೀದಿದೀಪ ಇನ್ನೂ ಹತ್ತಿರಲಿಲ್ಲ. ಅಂಥ ಮಬ್ಬಿನಲ್ಲಿ ನಮ್ಮ ಸೂರ್ಯ ಬೀದಿಗೆ ಇಳಿದ. ಅವಳು ಮುಂದೆ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ರಾಣಿಯ ಹಾಗೆ. ನಾನು ಹಿಂದೆ, ಸೊಂಟದಿಂದ ಇಳಿಬಿದ್ದ ಗರಿಯ ಬಾಲವನ್ನು ಕೊಳೆಯಾಗದ ಹಾಗೆ ಎತ್ತಿಕೊಂಡು, ಮೂಗು ಸೊರಸೊರ ಎಳೆಯುತ್ತಾ.

ಪುಟ್ಟೀ, ಆ ಬೀದಿಯನ್ನು ನೀನು ನೋಡಬೇಕಿತ್ತು. ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದ, ಅವನ ಹಿಂದೆ ಅರ್ಧ ಕೆನ್ನೆಗೆ ಸೋಪಿನ ನೊರೆ ಇದ್ದ ಗಿರಾಕಿ. ಬಸ್ಸಿನ ಡ್ರೈವರ್ ಬಸ್ಸನ್ನೇ ನಿಲ್ಲಿಸಿ, ಹಾದುಹೋಗಿ ಎಂದು ಕೈ ಮಾಡಿದ. ಹಣ್ಣಿನ ಗಾಡಿಯ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು, ‘ಈಗ ತಾನೇ ಹೋದೆಯಲ್ಲಪ್ಪ, ಏನು ಮರೆತು ಬಂದೆ?’ ಎಂದು ಕೇಳಿದ. ಜಿರಾಫೆ ನಗು ತಡೆಯಲಾರದೆ ಅಲುಗಿದಳು, ಎಲ್ಲ ಕಿರಣಗಳೂ ಅವಳ ಜೊತೆಗೆ ನಡುಗಿದವು. ಒಂದೂ ಬೀಳಲಿಲ್ಲ.

ಬಸ್‌ಸ್ಟಾಪಿನಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ತರಕಾರಿ ಚೀಲ, ನಮ್ಮ ಜೊತೆಗೇ ಹೆಜ್ಜೆ ಹಾಕುತ್ತಾ ಬಂದರು. ಕಿರಣದ ಅಂಚನ್ನೇ ನೋಡುತ್ತಿದ್ದರು, ಹೊಲಿಗೆ ಬಲ್ಲವರಿರಬೇಕು. ‘ಇದನ್ನ ಯಾರ್ರೀ ಹೊಲಿದೋರು?’ ಎಂದು ನನ್ನನ್ನೇ ಕೇಳಿದರು.

ನನ್ನ ಬಾಯಿಂದ ಏನು ಬಂತು ಗೊತ್ತೇ? ‘ಗೊತ್ತಿಲ್ಲಮ್ಮ, ನಾನು ಸ್ಕೂಲ್ ಯೂನಿಫಾರ್ಮ್ ಹೊಲಿಯೋಳು’ ಎಂದುಬಿಟ್ಟೆ.

ಜಿರಾಫೆ ಅಲ್ಲೇ ನಿಂತಳು. ಇಡೀ ಸೂರ್ಯನನ್ನು ತಿರುಗಿಸಿಕೊಂಡು ನನ್ನ ಕಡೆಗೆ ನೋಡಿದಳು. ‘ಯಾವ ಸ್ಕೂಲು ಅಕ್ಕಾ? ನನ್ನೂ ಸೇರಿಸಿ’ ಎಂದಳು. ಆಮೇಲೆ ಆ ಹೆಂಗಸಿಗೆ, ‘ಇವರೇ ಹೊಲಿದಿದ್ದು. ಇವರು ಹೊಲಿದರೆ ನಾವು ಬಿಚ್ಚೋಕಾಗಲ್ಲ, ಅದಕ್ಕೇ ಬೀದೀಲಿ ಬಂದಿದೀವಿ’ ಎಂದಳು. ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಒಂದು ಸಲ ಒತ್ತಿ ಬಿಟ್ಟರು.

ಮುಂಬಾಗಿಲಿನಲ್ಲಿ ನಮ್ಮ ಹಳೆಯ ಬಾಗಿಲಣ್ಣ. ಅವನಿಗೆ ಅಭ್ಯಾಸ ನೋಡು, ಮುಖ ಎತ್ತದೆ ಕೈ ಚಾಚಿ, ‘ಟಿಕೆಟ್?’ ಎಂದ. ಎತ್ತಿದ ಮೇಲೆ ಅವನ ಬಾಯಿ ಮುಚ್ಚಲಿಲ್ಲ. ಎರಡೂ ಕದ ತೆರೆದ.

ಒಳಗೆ ಕತ್ತಲು. ವೇದಿಕೆಯಲ್ಲಿ ಪಾಪ ಮೋಡಗಳು ಅದೇ ಹೆಜ್ಜೆಯನ್ನು ಎಷ್ಟನೇ ಸಲವೋ ತೂಗುತ್ತಿದ್ದವು. ಮೊದಲು ನಮ್ಮನ್ನು ಕಂಡದ್ದು ಅವೇ. ಎಲ್ಲ ಒಟ್ಟಿಗೆ ಬಾಗಿಲಿನ ಕಡೆಗೆ ಮುಖ ತಿರುಗಿಸಿದವು, ಯಾರೂ ಹೇಳಿಕೊಟ್ಟಿರಲಿಲ್ಲ. ಮೋಡಗಳು ನೋಡಿದ್ದಕ್ಕೆ ಜನವೂ ತಿರುಗಿದರು. ಕುರ್ಚಿಗಳು ಕಿರ್ರೆಂದವು. ದೀಪದವನಿಗೆ ಯಾರು ಹೇಳಿದರೋ, ದೀಪ ಬಂದು ಅವಳ ಮೇಲೆ ಬಿತ್ತು. ಅವಳು ಮೇಜುಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದಳು. ಕಿರಣಗಳು ಎರಡೂ ಕಡೆಯವರ ತಲೆಯ ಮೇಲೆ ಹಾದುಹೋಗುವಾಗ ಒಂದೊಂದು ಮುಖವೂ ಚಿನ್ನದ ಬಣ್ಣಕ್ಕೆ ತಿರುಗಿ, ಮತ್ತೆ ಕತ್ತಲಾಗುತ್ತಿತ್ತು. ಬೆಳಗಾಗುವುದು ಹಾಗೇ ಅಲ್ಲವೇ, ಮನೆ ಮನೆಗೂ ಸರದಿಯ ಮೇಲೆ. ನಾನು ಅದನ್ನು ಯೋಚಿಸಿ ಮಾಡಿದ್ದಲ್ಲ. ಬಾಗಿಲಿನ ಪರದೆ ಕಚ್ಚಿಕೊಂಡು ನಿಂತಿದ್ದೆ, ಪರದೆ ಒದ್ದೆಯಾಗಿತ್ತು.

ಚಪ್ಪಾಳೆಯ ವಿಷಯ ನಾನು ಬರೆಯುವುದಿಲ್ಲ, ದೃಷ್ಟಿಯಾದೀತು. ಮಳೆ ಬಂದಾಗ ಬ್ಯಾಂಡು ನಿಂತು, ಬರೀ ನಿನ್ನ ಮಣಿಗಳ ಸದ್ದು ಇಡೀ ಹಾಲಿಗೆ ಕೇಳಿಸಿತು ಎಂಬುದನ್ನು ಮಾತ್ರ ಬರೆಯುತ್ತೇನೆ.

ಎಲ್ಲ ಮುಗಿದ ಮೇಲೆ ಯಜಮಾನರು ಬಂದರು. ನಾನು ಜಿರಾಫೆಯ ಬೆನ್ನ ಹಿಂದೆ ಕೂತು ಹೊಲಿಗೆ ಬಿಚ್ಚುತ್ತಿದ್ದೆ. ‘ಹೀಗೆ ಮಾಡ್ತೀರಿ ಅಂತ ಮೊದಲೇ ಹೇಳಬಾರದಿತ್ತೇನಮ್ಮ? ನನ್ನ ಎದೆ ನಿಂತೇ ಹೋಗಿತ್ತು’ ಎಂದರು.

‘ಮಾಡಿದ್ದಲ್ಲ ಸಾರ್, ತಪ್ಪಾಗಿ ಆಗಿಹೋಯ್ತು. ತಂತಿ ಸುತ್ತಿಬಿಟ್ಟೆ.’

‘ಅದನ್ನ ಇನ್ಯಾರಿಗೂ ಹೇಳಬೇಡಿ. ಇನ್ಮೇಲೆ ಸೂರ್ಯ ಆ ಬಾಗಿಲಿಂದಲೇ ಹುಟ್ಟಲಿ.’ ಹೊರಟವರು ತಿರುಗಿ, ‘ಬಾಟಲಿ ಇಡೋಕೆ ಬೇರೆ ಜಾಗ ನೋಡ್ತೀನಿ’ ಎಂದರು.

ನಿನ್ನೆ ಎರಡನೆಯ ಶೋ. ಬೀದಿಗೆ ಬಂದು ನೋಡಿದರೆ ಕ್ಷೌರದವನು ತನ್ನ ಕುರ್ಚಿಗಳನ್ನು ಬೀದಿಯ ಕಡೆಗೆ ತಿರುಗಿಸಿ ಇಟ್ಟಿದ್ದಾನೆ. ಮಕ್ಕಳು ಗೋಡೆ ಹತ್ತಿ ಕೂತಿದ್ದರು. ಹಣ್ಣಿನ ಮುದುಕ, ‘ಇವತ್ತೂ ಮರೆತೆಯಾ?’ ಎಂದ. ಈಗ ನನಗೆ ಹೊಸ ಚಿಂತೆ, ಮಳೆ ಬಂದರೆ ಸೂರ್ಯನಿಗೆ ಕೊಡೆ ಎಲ್ಲಿಂದ ತರುವುದು. ಅಷ್ಟು ದೊಡ್ಡ ಕೊಡೆ ಹೊಲಿಯಬೇಕು. ಹೊಲಿಯುತ್ತೇನೆ.

ಯೂನಿಫಾರ್ಮ್ ಕೂಡ ಮುಗಿಯಿತು. ನೆರಿಗೆ ಕೂತಿದೆ. ಅಂಚಿನಲ್ಲಿ ಬಟ್ಟೆ ಬೇಕಾದಷ್ಟು ಬಿಟ್ಟಿದ್ದೇನೆ, ಮರಿ ಬೆಳೆದ ಹಾಗೆ ಇಳಿಸಿಕೊಳ್ಳಬಹುದು. ಅಳಿಯಂದಿರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಮರಿಗೆ ಎಷ್ಟು ಮುತ್ತು ಹಿಡಿಸುತ್ತದೋ ಅಷ್ಟು ಕೊಡು. ನಿನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ, ಮನೆ ತುಂಬ ನಗು ಸಿಗಲಿ. ಕಟಕಟೆಗೆ ಮೊಳೆ ಹೊಡೆಸಲು ಮರೆಯಬೇಡ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ನಿನ್ನ ಮದುವೆಯ ಮಾತುಕತೆಗೆ ಅವರ ಮನೆಗೆ ಹೋದಾಗ ನಿನ್ನ ಅತ್ತೆ ನನ್ನನ್ನು, ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, ‘ಅಮ್ಮ ಸ್ಕೂಲ್ ಯೂನಿಫಾರ್ಮ್ ಹೊಲೀತಾರೆ’ ಎಂದೆ. ನನ್ನ ಕಡೆಗೆ ನೋಡಲಿಲ್ಲ. ಕಾಫಿಯಲ್ಲಿ ಕರಗಿಹೋದ ಸಕ್ಕರೆಯನ್ನು ನೀನು ಕಲಕುತ್ತಲೇ ಇದ್ದೆ. ನಾನೂ ಹೌದೆಂದೆ. ಅಂದಿನಿಂದ ಯಾರು ಕೇಳಿದರೂ ಹೌದೆನ್ನುತ್ತಾ ಬಂದೆ, ಎಷ್ಟರಮಟ್ಟಿಗೆಂದರೆ ಮೊನ್ನೆ ಸೂರ್ಯನ ಬಾಲ ಕೈಯಲ್ಲಿ ಹಿಡಿದುಕೊಂಡೂ ಅದೇ ಬಾಯಿಗೆ ಬಂತು. ನಿನ್ನ ಅತ್ತೆ ಪಾಪ, ನಂಬಿ ಬಟ್ಟೆ ಕಳಿಸಿದ್ದಾರೆ. ನಾನು ಬದುಕಿನಲ್ಲಿ ಹೊಲಿದ ಮೊದಲನೇ ಯೂನಿಫಾರ್ಮ್ ಇದು, ಪುಟ್ಟೀ. ಅಂಗಡಿಯಿಂದ ಒಂದನ್ನು ತಂದು ಬಿಚ್ಚಿ ನೋಡಿ ಕಲಿತೆ.

ನೀನು ಯಾಕೆ ಹಾಗೆಂದೆ ಎಂದು ನಾನು ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಹೊಸ ಸೊಸೆಗೆ ಅವಳದೇ ಹೆದರಿಕೆಗಳಿರುತ್ತವೆ, ಹೆದರಿಕೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನಗೆ ನೋವಾಯಿತು. ಇಷ್ಟು ವರ್ಷ ಅದನ್ನು ಮಡಚಿ ಇಟ್ಟಿದ್ದೆ.

ಇವತ್ತು ಬೋರ್ಡ್ ಬರೆಯುವವನು ಬಂದಿದ್ದ. ಮುಂಬಾಗಿಲಿನ ಮೇಲೆ ಉಡುಪು ಯಾರದೆಂದು ಬರೆಸಬೇಕಂತೆ, ಯಜಮಾನರ ಮಾತು. ನಿನ್ನನ್ನು ಕೇಳಿ ಹೇಳುತ್ತೇನೆ ಎನ್ನಲು ಹೋದೆ. ಕೇಳಿದರೆ ನೀನು ಬೇಡ ಎನ್ನುತ್ತೀಯೇನೋ ಎಂಬ ಹೆದರಿಕೆಯಾಯಿತು. ಕೇಳದೇ ಬರೆಸಿಬಿಟ್ಟೆ. ಪೂರ್ತಿ ಹೆಸರು. ಬೀದಿಯ ಆ ಕಡೆಯಿಂದಲೂ ಕಾಣುತ್ತದೆ.

ಮರಿಯ ಲಂಗಕ್ಕೆ ಜೇಬಿದೆ. ಅದರ ಒಳಗಡೆಯ ಬಟ್ಟೆ ಸೂರ್ಯನ ಕಿರಣದಲ್ಲಿ ಉಳಿದದ್ದು. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಹೆದರಬೇಡ. ಆದರೆ ಶಾಲೆಗೆ ಹೋಗುವ ಮಗು, ಕೈ ಹಾಕದೆ ಇರುವುದಿಲ್ಲ. ಒಂದು ದಿನ ಜೇಬನ್ನು ಹೊರಗೆ ಎಳೆದು, ಇದು ಎಲ್ಲಿಂದ ಬಂತಮ್ಮಾ ಎಂದು ಎಲ್ಲರ ಮುಂದೆ ಕೇಳುತ್ತಾಳೆ. ಆಗ ಏನು ಹೇಳಬೇಕೆಂದು ನೀನು ಯೋಚಿಸಿಟ್ಟುಕೋ.